ಅಲಾರಂ ಮಲಗಿದ್ದ ಮೂರು ರಾತ್ರಿ

ಸಂಜೆ 5 ಗಂಟೆ 20 ನಿಮಿಷಕ್ಕೆ ಫೈರ್ ಅಲಾರಂ ಪ್ಯಾನೆಲ್‌ನ ಪರದೆ ಕಪ್ಪಾಯಿತು. ಅದಕ್ಕೂ ಮೊದಲು ಎರಡು ನಿಮಿಷ ಅದು ಬಿಡದೆ ಕೂಗಿತ್ತು. ಒಂದಾದ ಮೇಲೊಂದು ಮಹಡಿಯ ಹೆಸರು ಪರದೆಯ ಮೇಲೆ ಬಂದು ಹೋದವು. ಆಮೇಲೆ ಏನೂ ಇಲ್ಲ. ಪೆಟ್ಟಿಗೆಯ ಕೆಳಗಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ನಾನು ಒಂದು ವಸತಿ ಕಟ್ಟಡದ ನಿರ್ವಹಣೆ ನೋಡಿಕೊಳ್ಳುತ್ತೇನೆ. 12 ಮಹಡಿ, ಕೆಳಗೆ 2 ಬೇಸ್‌ಮೆಂಟ್, ತುದಿಯಲ್ಲಿ ಲಿಫ್ಟ್‌ನ ಮಷಿನ್ ರೂಮ್. ಅವತ್ತು ಬೆಳಿಗ್ಗೆಯೇ ನಾವು ಸ್ಪ್ರಿಂಕ್ಲರ್‌ನ, ಅಂದರೆ ಬೆಂಕಿಯ ಬಿಸಿಗೆ ತಾನೇ ತೆರೆದು ಛಾವಣಿಯಿಂದ ನೀರು ಸುರಿಸುವ ವ್ಯವಸ್ಥೆಯ, ಒಂದು ದೊಡ್ಡ ವಾಲ್ವ್ ಬದಲಿಸಲು ಕೈಹಾಕಿದ್ದೆವು. ಮೇಲಿನ 6 ಮಹಡಿಗಳಿಗೆ, ಅಂದರೆ 7ರಿಂದ 12ರವರೆಗೆ, ನೀರು ಬಿಡುವ ವಾಲ್ವ್ ಅದು. ಹಳೆಯದಾಗಿ ಸೋರುತ್ತಿತ್ತು. ಬೆಳಿಗ್ಗೆ 9ಕ್ಕೆ ನೀರು ಬಸಿದು, ಸಂಜೆ 5ರೊಳಗೆ ಹೊಸದು ಕೂರಿಸಿ ನೀರು ತುಂಬಿಸುವುದು ಎಂಬ ಲೆಕ್ಕ. ಹಳೆ ವಾಲ್ವ್ ಬಿಚ್ಚಿದಾಗ ಅದಕ್ಕೆ ಸೇರಿದ ಪೈಪಿನ ತುಂಡು ಒಳಗಿನಿಂದ ತುಕ್ಕು ಹಿಡಿದು ಹಾಳೆಯಷ್ಟು ತೆಳ್ಳಗಾಗಿತ್ತು. ಅದನ್ನೂ ಹೊಸದಾಗಿ ಮಾಡಿಸಲೇಬೇಕಾಯಿತು. ಇನ್ನು ಪೈಪಿನಲ್ಲಿ ಉಳಿದ ನೀರನ್ನು ಹೊರಗೆ ಬಿಡಲು ಹಾಕಿದ್ದ ಹೋಸ್ ಜಾರಿ ಕೇಬಲ್ ಶಾಫ್ಟ್‌ನೊಳಗೆ ಬಿತ್ತು. ನೀರು ಕೇಬಲ್‌ಗಳನ್ನೇ ಹಿಡಿದುಕೊಂಡು ಕೆಳಗಿಳಿದು ನೇರವಾಗಿ ಪ್ಯಾನೆಲ್ ಒಳಗೆ ಸೇರಿತು.

ಹೀಗೆ ಒಂದೇ ದಿನದಲ್ಲಿ ಮೇಲಿನ ಅರ್ಧ ಕಟ್ಟಡಕ್ಕೆ ಸ್ಪ್ರಿಂಕ್ಲರ್ ಇಲ್ಲ, ಇಡೀ ಕಟ್ಟಡಕ್ಕೆ ಅಲಾರಂ ಇಲ್ಲ. ಒಳಗೆ ಇನ್ನೂರಕ್ಕೂ ಜಾಸ್ತಿ ಜನ. ರಾತ್ರಿ ಅವರೆಲ್ಲ ಮಲಗುತ್ತಾರೆ.

ಇಂಥ ಹೊತ್ತಿಗೆ ನಿಯಮ ಇದೆ. ಬೆಂಕಿ ಸುರಕ್ಷತೆಯ ನಿಯಮ ಬರೆಯುವ ಅಮೆರಿಕದ ಎನ್‌ಎಫ್‌ಪಿಎ ಸಂಸ್ಥೆಯ ಸಂಹಿತೆಗಳನ್ನು ಈ ಕೆಲಸದಲ್ಲಿರುವವರು ಬೇರೆ ದೇಶಗಳಲ್ಲೂ ಇಟ್ಟುಕೊಂಡು ಓದುತ್ತಾರೆ. ಅದರ ಪ್ರಕಾರ 24 ಗಂಟೆಯೊಳಗೆ ಅಲಾರಂ 4 ಗಂಟೆಗಿಂತ ಜಾಸ್ತಿ ಕೆಟ್ಟಿದ್ದರೆ, ಅಥವಾ ಸ್ಪ್ರಿಂಕ್ಲರ್ 10 ಗಂಟೆಗಿಂತ ಜಾಸ್ತಿ ನಿಂತಿದ್ದರೆ, ಸುಮ್ನೆ ಕೂರುವಂತಿಲ್ಲ. ಅಲಾರಂ ಕೆಟ್ಟರೆ ಜನರನ್ನು ಹೊರಗೆ ಕಳಿಸಬೇಕು, ಇಲ್ಲವೇ ಫೈರ್ ವಾಚ್ ಹಾಕಬೇಕು. ಫೈರ್ ವಾಚ್ ಅಂದರೆ ಬೆಂಕಿ ಕಾವಲು. ಯಂತ್ರ ಮಾಡುವ ಕೆಲಸವನ್ನು ಅದು ಸರಿಯಾಗುವವರೆಗೆ ಮನುಷ್ಯರು ನಡೆದು, ನೋಡಿ, ಮೂಸಿ ಮಾಡುವುದು. ನಾನು 4 ಗಂಟೆ ಆಗಲಿ ಎಂದು ಕಾಯಲಿಲ್ಲ. ಪ್ಯಾನೆಲ್‌ನ ಒಳಗಿನ ಸರ್ಕ್ಯೂಟ್ ಕಾರ್ಡ್ ಹೊಸದು ಬರಲು ಎರಡು ಮೂರು ದಿನ ಬೇಕು ಎಂದು ಅಲಾರಂ ಕಂಪನಿಯವರು ಹೇಳಿದ ಕೂಡಲೇ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿದೆ. ಕಟ್ಟಡದ ವಿಮೆಯವರಿಗೂ ತಿಳಿಸಿದೆ.

ಠಾಣೆಯಿಂದ ಒಬ್ಬ ಅಧಿಕಾರಿ ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ, ಪ್ರಶ್ನೆ ಕೇಳಿದರು. ಒಂದೊಂದು ಪ್ರಶ್ನೆಗೂ ನನ್ನ ಬಳಿ ಅರ್ಧ ಉತ್ತರವೇ ಇತ್ತು. ಕಾವಲಿಗೆ ಯಾರು? ಅವರಿಗೆ ಬೇರೆ ಏನಾದರೂ ಕೆಲಸ ಇದೆಯಾ? ಗೇಟ್ ನೋಡುವ ಸೆಕ್ಯುರಿಟಿಯವರನ್ನೇ ಹಾಕುತ್ತೇನೆ ಎಂದೆ. ಗೇಟ್ ನೋಡುವವನು ಗೇಟ್ ನೋಡಲಿ, ಕಾವಲಿನವನಿಗೆ ಕಾವಲು ಬಿಟ್ಟು ಇನ್ನೇನೂ ಇರಬಾರದು ಎಂದರು. ಪಂಪ್ ರೂಮ್, ಎಲೆಕ್ಟ್ರಿಕಲ್ ಶಾಫ್ಟ್, ಸ್ಟೋರ್, ಟೆರೇಸ್, ಎಲ್ಲದರ ಬೀಗದ ಕೈ ಒಂದೇ ಗೊಂಚಲಲ್ಲಿ ಇದೆಯಾ? ಇರಲಿಲ್ಲ. ಬೇಸ್‌ಮೆಂಟ್‌ನಲ್ಲಿ ಫೋನ್ ಸಿಗ್ನಲ್ ಬರುತ್ತದಾ? ಎರಡನೇ ಬೇಸ್‌ಮೆಂಟ್‌ನಲ್ಲಿ ಬರುತ್ತಿರಲಿಲ್ಲ. ಬೆಂಕಿ ಕಂಡರೆ 12 ಮಹಡಿಯ ಜನರನ್ನು ಹೇಗೆ ಎಬ್ಬಿಸುತ್ತೀರಿ? ಇದಕ್ಕಂತೂ ನನ್ನ ಬಳಿ ಉತ್ತರವೇ ಇರಲಿಲ್ಲ. ಹೊಗೆ ಗುರುತಿಸುವ ಡಿಟೆಕ್ಟರ್ ಸತ್ತಿದೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಜೋರಾಗಿ ಕೂಗಿ ಎಚ್ಚರಿಸುವ ಹೂಟರ್ ಕೂಡ ಸತ್ತಿದೆ, ಅಂದರೆ ಕಟ್ಟಡಕ್ಕೆ ಕಣ್ಣು ಹೋದಂತೆ ದನಿಯೂ ಹೋಗಿದೆ ಎಂದು ಹೊಳೆದದ್ದು ಆಗಲೇ.

ರಾತ್ರಿ 8ರೊಳಗೆ ಇದಕ್ಕೆಲ್ಲ ದಾರಿ ಮಾಡಿದೆವು. 4 ವಾಕಿಟಾಕಿ ತರಿಸಿದೆವು. ಗ್ಯಾಸ್ ತುಂಬಿದ ಏರ್ ಹಾರ್ನ್ ಆರು ಕೊಂಡೆವು. ಕೈಯಲ್ಲಿ ಹಿಡಿಯುವ ಮೆಗಾಫೋನ್ ಎರಡು. ಬೀಗದ ಕೈಗಳಿಗೆಲ್ಲ ಚೀಟಿ ಕಟ್ಟಿ ಎರಡು ಗೊಂಚಲು ಮಾಡಿದೆವು. ಕಟ್ಟಡದ ಪೂರ್ತಿ ವಿಳಾಸ ಮತ್ತು ಯಾವ ಗೇಟಿನಿಂದ ಗಾಡಿ ಒಳಗೆ ಬರಬೇಕು ಎಂಬುದನ್ನು ಒಂದು ಕಾರ್ಡ್‌ನಲ್ಲಿ ಬರೆದು ಪ್ರತಿಯೊಬ್ಬರ ಕೊರಳಿಗೆ ಹಾಕಿದೆವು. ಗಾಬರಿಯಲ್ಲಿ ಮನುಷ್ಯನಿಗೆ ತಾನು ನಿಂತ ಜಾಗದ ವಿಳಾಸವೂ ಮರೆತುಹೋಗುತ್ತದೆ ಎಂದು ಆ ಅಧಿಕಾರಿ ಹೇಳಿದ್ದರು.

ಪ್ರತಿ ಮನೆಯ ಬಾಗಿಲನ್ನೂ ತಟ್ಟಿದೆವು. ಲಿಫ್ಟ್ ಹತ್ತಿರ ನೋಟಿಸ್ ಅಂಟಿಸಿದ್ದೆವು, ಆದರೆ ನೋಟಿಸ್ ಓದುವವರು ಎಷ್ಟು ಜನ, ನಿಮಗೂ ಗೊತ್ತು ಅಲ್ವಾ? ಎದುರು ನಿಂತು ಹೇಳಿದೆವು: ಅಲಾರಂ ಕೆಟ್ಟಿದೆ, ಹೊಗೆ ಬಂದರೂ ಅದು ಕೂಗುವುದಿಲ್ಲ, ನಾವು ಹಾರ್ನ್ ಊದುತ್ತೇವೆ, ಊದಿದರೆ ಮೆಟ್ಟಿಲಿನಿಂದ ಇಳಿದು ಬನ್ನಿ, ಲಿಫ್ಟ್ ಬೇಡ. ಹಾರ್ನ್ ಸದ್ದು ಹೇಗಿರುತ್ತದೆ ಎಂದು ಒಂದು ಸಲ ಊದಿಯೂ ತೋರಿಸಿದೆವು. ಮೂರು ರಾತ್ರಿ ಬೇಸ್‌ಮೆಂಟ್‌ನಲ್ಲಿ ಬ್ಯಾಟರಿ ಸ್ಕೂಟರ್ ಚಾರ್ಜ್‌ಗೆ ಹಾಕಬೇಡಿ, ಹಗಲು ನಾವು ಎದುರಿಗೆ ಇರುವಾಗ ಹಾಕಿಕೊಳ್ಳಿ ಎಂದು ಕೇಳಿಕೊಂಡೆವು. ಒಬ್ಬಿಬ್ಬರು ಗೊಣಗಿದರು. ಹೆಚ್ಚಿನವರು ಒಪ್ಪಿದರು.

ಆ ಬಾಗಿಲು ತಟ್ಟುವ ಕೆಲಸದಲ್ಲಿ ನಾನು ಆರು ವರ್ಷದಲ್ಲಿ ತಿಳಿಯದಿದ್ದ ಸಂಗತಿಗಳು ತಿಳಿದವು. 5ನೇ ಮಹಡಿಯಲ್ಲಿ ಒಬ್ಬ ಹೆಂಗಸಿಗೆ ಕಿವಿ ಕೇಳಿಸುವುದಿಲ್ಲ, ಒಬ್ಬರೇ ಇರುತ್ತಾರೆ. 10ನೆಯದರಲ್ಲಿ ಮೊಣಕಾಲು ಆಪರೇಷನ್ ಆಗಿ ಮಲಗಿದ ಹಿರಿಯರು. 8ರಲ್ಲಿ ಆಮ್ಲಜನಕದ ಯಂತ್ರ ಇಟ್ಟುಕೊಂಡ ಮನೆ. ಹಾರ್ನ್ ಊದಿದರೆ ಇವರಿಗೆ ಏನು ಪ್ರಯೋಜನ? ಕಿವಿ ಕೇಳದವರು ತಮ್ಮ ಮನೆಯ ಇನ್ನೊಂದು ಕೀಲಿಯನ್ನು ಎದುರು ಮನೆಯವರಿಗೆ ಕೊಟ್ಟರು. ಉಳಿದವರ ಮನೆಯ ಸಂಖ್ಯೆಯನ್ನು ಲಾಗ್ ಬುಕ್‌ನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದೆವು. ಆ ಪುಟದ ಒಂದು ಪ್ರತಿ ಠಾಣೆಯ ಅಧಿಕಾರಿಗೂ ಕೊಟ್ಟೆ. ಅದನ್ನು ಅವರು ಮಡಚಿ ಜೇಬಿಗೆ ಹಾಕಿಕೊಳ್ಳಲಿಲ್ಲ. ಅಲ್ಲೇ ನಿಂತು ಎರಡು ಸಲ ಓದಿದರು.

ಮೊದಲ ರೌಂಡ್ ನಾನೇ ಹೋದೆ. ಅರ್ಧ ಗಂಟೆಗೊಂದು ರೌಂಡ್ ಎಂದು ಅಧಿಕಾರಿಯ ಮುಂದೆ ಒಪ್ಪಿಕೊಂಡಿದ್ದೆ. ಲಿಫ್ಟ್‌ನಲ್ಲಿ ತುದಿಗೆ ಹೋಗಿ, ಮಷಿನ್ ರೂಮ್ ನೋಡಿ, ಮೆಟ್ಟಿಲಿನಲ್ಲಿ ಒಂದೊಂದೇ ಮಹಡಿ ಇಳಿಯುತ್ತ ಕಾರಿಡಾರ್‌ನ ಎರಡೂ ತುದಿ ಮುಟ್ಟಿ, ಶಾಫ್ಟ್ ಬಾಗಿಲು ತೆಗೆದು ನೋಡಿ, ಬೇಸ್‌ಮೆಂಟ್ ಮುಗಿಸಿ ಮೇಲೆ ಬಂದಾಗ ಗಡಿಯಾರ ನೋಡಿದೆ. 52 ನಿಮಿಷ ಆಗಿತ್ತು. ಅರ್ಧ ಗಂಟೆಗೊಮ್ಮೆ ಒಬ್ಬನೇ ಇಡೀ ಕಟ್ಟಡ ಸುತ್ತುವುದು ಆಗದ ಮಾತು. ಹಾಗೆ ಬರೆದುಕೊಂಡಿದ್ದರೆ ಅದು ಕಾಗದದ ಮೇಲಿನ ಕಾವಲು ಮಾತ್ರ ಆಗುತ್ತಿತ್ತು. ಅದೇ ರಾತ್ರಿ ಕಟ್ಟಡವನ್ನು ಎರಡು ಪಾಲು ಮಾಡಿದೆವು. ತುದಿಯಿಂದ 7ರವರೆಗೆ ಒಬ್ಬರು, 6ರಿಂದ ಕೆಳಗೆ ಒಬ್ಬರು. ಆಗ ಒಂದು ಸುತ್ತಿಗೆ 25 ನಿಮಿಷ ಸಾಕಾಯಿತು. ಕೆಳಗೆ ಲಾಬಿಯಲ್ಲಿ ಮೂರನೆಯವರು ವಾಕಿಟಾಕಿ ಮತ್ತು ಫೋನ್ ಹಿಡಿದು ಕೂತಿರಬೇಕು. ಅವರು ಏಳುವಂತಿಲ್ಲ. ನಾಲ್ಕು ಗಂಟೆಗೊಮ್ಮೆ ಪಾಳಿ ಬದಲು. ಬದಲಿಗೆ ಬರುವವರು ಎದುರು ಬಂದು ನಿಂತು, ಲಾಗ್ ಬುಕ್ ಮತ್ತು ಕೀಲಿ ಕೈಗೆ ತೆಗೆದುಕೊಳ್ಳುವವರೆಗೆ ಹಳಬರು ಜಾಗ ಬಿಡುವಂತಿಲ್ಲ.

ನಡೆಯುತ್ತ ನಡೆಯುತ್ತ ಈ ಕೆಲಸದ ರೀತಿ ಕಲಿತೆ. ಕಣ್ಣಿಗಿಂತ ಮೂಗು ಮೊದಲು ಹೇಳುತ್ತದೆ, ಆದರೆ ಮೂಗು ಬೇಗ ಸೋಲುತ್ತದೆ. ಒಂದೇ ಗಾಳಿಯಲ್ಲಿ ಹತ್ತು ನಿಮಿಷ ಇದ್ದರೆ ಅಲ್ಲಿನ ವಾಸನೆ ನಮಗೆ ಗೊತ್ತಾಗುವುದೇ ಇಲ್ಲ. ಹಾಗಾಗಿ ಮೂರು ನಾಲ್ಕು ಮಹಡಿಗೊಮ್ಮೆ ಮೆಟ್ಟಿಲಿನ ಕಿಟಕಿಯ ಬಳಿ ನಿಂತು ಹೊರಗಿನ ಗಾಳಿ ಕುಡಿದು ಮುಂದೆ ಹೋಗುತ್ತಿದ್ದೆ. ಸ್ಟೋರ್ ರೂಮಿಗೆ ಹೋದರೆ ದೀಪ ಹಾಕುವ ಮೊದಲು ಕತ್ತಲಲ್ಲೇ ಒಂದು ಕ್ಷಣ ನಿಲ್ಲಬೇಕು. ಸಣ್ಣ ಕೆಂಡ ಬೆಳಕಿನಲ್ಲಿ ಕಾಣುವುದಿಲ್ಲ, ಕತ್ತಲಲ್ಲಿ ಕಾಣುತ್ತದೆ. ಮುಚ್ಚಿದ ಬಾಗಿಲನ್ನು ತೆಗೆಯುವ ಮೊದಲು ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ ಮುಟ್ಟಿ ನೋಡಬೇಕು. ಬಿಸಿ ಇದ್ದರೆ ತೆಗೆಯಬಾರದು. ಹೋಗುವಾಗ ಒಂದು ಮೆಟ್ಟಿಲ ಸಾಲು, ಮುಂದಿನ ಸುತ್ತಿನಲ್ಲಿ ಇನ್ನೊಂದು. ಹಾಗೆ ಮಾಡಿದ್ದರಿಂದಲೇ ಹಿಂದಿನ ಮೆಟ್ಟಿಲಿನ 3ನೇ ಮಹಡಿಯಲ್ಲಿ ಯಾರೋ ಹಳೆ ಹಾಸಿಗೆ ನಿಲ್ಲಿಸಿದ್ದು ಕಂಡಿತು. 9ರಲ್ಲಿ ಬೆಂಕಿ ತಡೆಯುವ ಬಾಗಿಲಿಗೆ ಇಟ್ಟಿಗೆ ಕೊಟ್ಟು ತೆರೆದಿಟ್ಟಿದ್ದರು. ಆ ಬಾಗಿಲು ಮುಚ್ಚಿದ್ದರೆ ಹೊಗೆ ಮೆಟ್ಟಿಲಿಗೆ ಬರುವುದು ತಡವಾಗುತ್ತದೆ, ಜನ ಇಳಿಯಲು ದಾರಿ ಉಳಿಯುತ್ತದೆ. ಇಟ್ಟಿಗೆಯನ್ನು ಮೂರು ರಾತ್ರಿಯಲ್ಲಿ ನಾಲ್ಕು ಸಲ ತೆಗೆದೆ. ಕೊನೆಗೆ ಆ ಮನೆಗಳವರ ಜೊತೆ ಕೂತು ಮಾತಾಡಿದೆ. ಗಾಳಿ ಬರುವುದಿಲ್ಲ ಎಂಬುದು ಅವರ ತೊಂದರೆ. ಅದೂ ನಿಜವೇ. ಆದರೆ ಆ ಬಾಗಿಲು ಗಾಳಿಗಾಗಿ ಇಟ್ಟದ್ದಲ್ಲ.

ಕಸದ ಕೋಣೆಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತಿದ್ದೆ. ಬಣ್ಣ ಬಳಿಯುವವರು ಬಿಟ್ಟುಹೋದ ಎಣ್ಣೆ ಬಟ್ಟೆಗಳು ಅಲ್ಲಿ ಒಂದು ಮೂಟೆ ಇದ್ದವು. ಅಗಸೆ ಎಣ್ಣೆಯಂಥ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿಟ್ಟರೆ ಅದು ಗಾಳಿಯ ಜೊತೆ ಸೇರಿ ತಾನೇ ಬಿಸಿಯಾಗುತ್ತ ಹೋಗುತ್ತದೆ. ಕಿಡಿ ಬೇಕಿಲ್ಲ, ಕಡ್ಡಿ ಗೀರಬೇಕಿಲ್ಲ. ಬೂದಿ ಮುಚ್ಚಿದ ಕೆಂಡ ಅನ್ನುತ್ತೇವಲ್ಲ, ಅದಕ್ಕಿಂತ ಮೋಸದ್ದು, ಇಲ್ಲಿ ಕೆಂಡವೇ ಇರುವುದಿಲ್ಲ. 1991ರ ಫೆಬ್ರವರಿ 23ರಂದು ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಯ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ಇಂಥ ಬಟ್ಟೆಗಳಿಂದಲೇ. 22ನೇ ಮಹಡಿಯಲ್ಲಿ ಹುಟ್ಟಿದ ಬೆಂಕಿ ಮೇಲೆ ಮೇಲೆ ಹತ್ತಿತು. ಮೂವರು ಅಗ್ನಿಶಾಮಕರು ಸತ್ತರು. 30ನೇ ಮಹಡಿಯಲ್ಲಿ ಸ್ಪ್ರಿಂಕ್ಲರ್ ಇತ್ತು. ಅಲ್ಲಿ 10 ಸ್ಪ್ರಿಂಕ್ಲರ್ ತೆರೆದುಕೊಂಡು ಬೆಂಕಿಯನ್ನು ನಿಲ್ಲಿಸಿದವು. ನಮ್ಮ ಮೇಲಿನ ಆರು ಮಹಡಿಯ ಖಾಲಿ ಪೈಪುಗಳ ಕೆಳಗೆ ನಡೆಯುವಾಗಲೆಲ್ಲ ಆ 10 ನನ್ನ ತಲೆಯಲ್ಲಿ ಇರುತ್ತಿತ್ತು. ಮೂಟೆಯನ್ನು ಆ ರಾತ್ರಿಯೇ ಹೊರಗೆ ತೆಗೆಸಿ, ಬಟ್ಟೆಗಳನ್ನು ನೀರು ತುಂಬಿದ ಲೋಹದ ಡ್ರಮ್‌ಗೆ ಹಾಕಿ ಮುಚ್ಚಳ ಮುಚ್ಚಿದೆವು.

ಮೊದಲ ರಾತ್ರಿಯ ಬೆಳಗಿನ ಜಾವ ಒಂದು ಬೇಸರದ ಸಂಗತಿ ನಡೆಯಿತು. 3 ಗಂಟೆ 10 ನಿಮಿಷಕ್ಕೆ ಲಾಗ್ ಬುಕ್ ತೆಗೆದರೆ 3:30ರ ಸಾಲೂ 4 ಗಂಟೆಯ ಸಾಲೂ ಆಗಲೇ ತುಂಬಿವೆ. ಎಲ್ಲ ಸರಿ, ಸಹಿ. ಮೇಲಿನ ಮಹಡಿಗಳನ್ನು ನೋಡುತ್ತಿದ್ದ ಹುಡುಗನನ್ನು ಕರೆದು ಕೇಳಿದೆ. ಅವನು ತಲೆ ತಗ್ಗಿಸಿ ನಿಂತ. ಅವನು ಬೆಳಿಗ್ಗೆ 8ರಿಂದ ಹಗಲು ಪಾಳಿ ಮಾಡಿದ್ದ. ಜನ ಸಾಲದೆ ನಾನೇ ಅವನನ್ನು ರಾತ್ರಿಗೂ ಹಾಕಿದ್ದೆ. 19 ಗಂಟೆ ನಿಂತ ಮನುಷ್ಯ ಏನು ಮಾಡುತ್ತಾನೆ? ತಪ್ಪು ಅವನದಕ್ಕಿಂತ ನನ್ನದು ಜಾಸ್ತಿ. ಅವನನ್ನು ಮನೆಗೆ ಕಳಿಸಿ ಅವನ ಪಾಲಿನ ಸುತ್ತು ನಾನು ಮಾಡಿದೆ. ಆ ಎರಡು ಸಾಲಿಗೆ ಅಡ್ಡಗೆರೆ ಎಳೆದು, ಯಾಕೆ ಎಂದು ಬರೆದು, ಸಹಿ ಹಾಕಿದೆ. ಪುಟ ಹರಿಯಲಿಲ್ಲ. ಮರುದಿನ ಬೇರೆ ಕಡೆಯಿಂದ ನಾಲ್ವರನ್ನು ಕರೆಸಿದೆವು, ಒಬ್ಬರಿಗೂ ಎರಡು ಪಾಳಿ ಇಲ್ಲದ ಹಾಗೆ. ಲಾಗ್ ಬುಕ್ ಲಾಬಿಯಲ್ಲಿ ಇಡುವುದನ್ನು ಬಿಟ್ಟು ಪ್ರತಿ ಮಹಡಿಯ ಮೆಟ್ಟಿಲ ಬಾಗಿಲ ಹಿಂದೆ ಒಂದೊಂದು ಹಾಳೆ ಅಂಟಿಸಿದೆವು. ಅಲ್ಲಿಗೆ ಹೋದವರು ಅಲ್ಲಿಯೇ ನಿಂತು ಗಡಿಯಾರ ನೋಡಿ ಸಮಯ ಬರೆಯಬೇಕು. 2:07, 2:09, 2:12, ಹೀಗೆ. ನಿಜವಾಗಿ ನಡೆದವರ ಸಮಯಗಳು ಯಾವತ್ತೂ ಸೊನ್ನೆಯಲ್ಲೇ ಮುಗಿಯುವುದಿಲ್ಲ.

ಪೈಪಿನ ಹೊಸ ತುಂಡಿನ ವಿಚಾರದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ನಿಲ್ಲಬೇಕಾಯಿತು. ಕೆಲಸದವರು ಅದನ್ನು ಜಾಗದಲ್ಲೇ ವೆಲ್ಡ್ ಮಾಡಿ ಕೂರಿಸಿದರೆ ಒಂದು ದಿನ ಉಳಿಯುತ್ತದೆ ಎಂದರು. ಬೇಡ ಎಂದೆ. ವೆಲ್ಡಿಂಗ್ ಕಿಡಿ 11 ಮೀಟರ್ ದೂರದವರೆಗೆ ಹೋಗಬಹುದು ಎಂದು ಹಿಡಿದು ಅಷ್ಟು ಜಾಗ ಖಾಲಿ ಮಾಡಬೇಕು, ಮುಗಿದ ಮೇಲೂ ಒಬ್ಬರು ಅಲ್ಲೇ ಕಾಯಬೇಕು. ಹಿಂದೆ ಅರ್ಧ ಗಂಟೆ ಕಾದರೆ ಸಾಕಿತ್ತು, ಎನ್‌ಎಫ್‌ಪಿಎಯ 2019ರ ಆವೃತ್ತಿ ಅದನ್ನು ಒಂದು ಗಂಟೆ ಮಾಡಿತು. ಇಷ್ಟೆಲ್ಲ ಇರುವುದು ಸ್ಪ್ರಿಂಕ್ಲರ್ ಸರಿಯಿದ್ದಾಗ. ನೀರೂ ಇಲ್ಲದ, ಅಲಾರಂ ಕೂಡ ಇಲ್ಲದ ಮಹಡಿಯಲ್ಲಿ ಕಿಡಿ ಹಾರಿಸುವುದು ಯಾವ ಲೆಕ್ಕಕ್ಕೂ ಸರಿ ಕಾಣಲಿಲ್ಲ. ಅಳತೆ ತೆಗೆದುಕೊಂಡು ಹೊರಗೆ ವರ್ಕ್‌ಶಾಪಿನಲ್ಲಿ ಮಾಡಿಸಿ ತಂದು ಬೋಲ್ಟ್ ಹಾಕಿ ಕೂರಿಸಿ ಎಂದೆ. ಅದಕ್ಕೇ ಇನ್ನೊಂದು ರಾತ್ರಿ ಕಾವಲು ಬೇಕಾಯಿತು. ಈಗಲೂ ಹಾಗೇ ಹೇಳುತ್ತೇನೆ.

ಎರಡನೇ ರಾತ್ರಿ. 2 ಗಂಟೆ 38 ನಿಮಿಷ. ನಾನು 9ನೇ ಮಹಡಿಯ ಕಾರಿಡಾರ್‌ನಲ್ಲಿದ್ದೆ. ಕೊಳೆತ ಮೀನಿನ ವಾಸನೆ ಬಂತು. ಯಾರದೋ ಮನೆಯ ಕಸ ಎಂದುಕೊಂಡು ಎರಡು ಹೆಜ್ಜೆ ಮುಂದೆ ಹೋದೆ. ಆಮೇಲೆ ಕಾಲು ನಿಂತಿತು. ಕೆಲವು ಸ್ವಿಚ್, ಸಾಕೆಟ್‌ಗಳ ಪ್ಲಾಸ್ಟಿಕ್ ಅತಿಯಾಗಿ ಕಾದಾಗ ಮೀನಿನ ಥರ ವಾಸನೆ ಬರುತ್ತದೆ, ಒಮ್ಮೊಮ್ಮೆ ಮೂತ್ರದ ಥರ. ಹೊಗೆ ಕಾಣುವ ಮೊದಲೇ ಬರುತ್ತದೆ. ಇದನ್ನು ಕಾವಲಿನವರಿಗೆಲ್ಲ ನಾನೇ ಹೇಳಿಕೊಟ್ಟಿದ್ದೆ.

ಆಗ ಮನಸ್ಸಿನಲ್ಲಿ ಬಂದದ್ದನ್ನು ಮುಚ್ಚಿಡುವುದಿಲ್ಲ. ಮೊದಲು ಎಲ್ಲಿಂದ ಅಂತ ನೋಡೋಣ, ಆಮೇಲೆ ತಿಳಿಸೋಣ ಅನ್ನಿಸಿತು. ಸುಮ್ನೆ ಗಾಡಿ ಕರೆಸಿ ಏನೂ ಇಲ್ಲದಿದ್ದರೆ? ರಾತ್ರಿ ಮೂರು ಗಂಟೆಗೆ ಇಡೀ ಕಟ್ಟಡ ಎಬ್ಬಿಸಿದರೆ? ನನ್ನನ್ನು ತಡೆದದ್ದು ಮೆರಿಡಿಯನ್ ಪ್ಲಾಜಾದ್ದೇ ಇನ್ನೊಂದು ಸಂಗತಿ. ಅಲ್ಲಿ ಅಲಾರಂ ಬಂದಾಗ ಕಟ್ಟಡದ ಎಂಜಿನಿಯರ್ ಠಾಣೆಗೆ ಹೇಳದೆ, ನೋಡಿ ಬರಲು ಲಿಫ್ಟ್‌ನಲ್ಲಿ 22ಕ್ಕೆ ಹೋದರು. ಬಾಗಿಲು ತೆರೆದದ್ದೇ ಹೊಗೆ ಮತ್ತು ಶಾಖ ಒಳಗೆ ನುಗ್ಗಿತು. ಕೆಳಗಿದ್ದ ಗಾರ್ಡ್ ಲಿಫ್ಟನ್ನು ಕೆಳಕ್ಕೆ ಎಳೆದುಕೊಂಡಿದ್ದರಿಂದ ಅವರು ಬದುಕಿದರು. ಅಗ್ನಿಶಾಮಕರಿಗೆ ಮೊದಲ ಕರೆ ಹೋದದ್ದು ಕಟ್ಟಡದೊಳಗಿಂದ ಅಲ್ಲ, ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ಮಾಡಿದ ಫೋನಿನಿಂದ. 2019ರ ಏಪ್ರಿಲ್ 15ರಂದು ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿನಲ್ಲೂ ಅಲಾರಂ ಬಂದ ಮೇಲೆ ಗಾರ್ಡ್ ತಪ್ಪು ಜಾಗಕ್ಕೆ ಹೋಗಿ ನೋಡಿದರು. ಸುಮಾರು ಅರ್ಧ ಗಂಟೆ ಅದರಲ್ಲೇ ಕಳೆಯಿತು. ಅವರು ಯಾರೂ ಸೋಮಾರಿಗಳಲ್ಲ. ಖಚಿತ ಮಾಡಿಕೊಳ್ಳಬೇಕು ಅಂತ ಎಲ್ಲರಿಗೂ ಅನ್ನಿಸುತ್ತದೆ. ಅದಕ್ಕೇ ನಮ್ಮ ಕೊರಳ ಕಾರ್ಡಿನ ಹಿಂಬದಿಯಲ್ಲಿ ನಾನೇ ದಪ್ಪ ಅಕ್ಷರದಲ್ಲಿ ಬರೆಸಿದ್ದೆ: ಮೊದಲು ಕರೆ, ಆಮೇಲೆ ಹುಡುಕು.

ವಾಕಿಟಾಕಿ ಒತ್ತಿ ಲಾಬಿಗೆ ಹೇಳಿದೆ. "9ರಲ್ಲಿ ಸುಟ್ಟ ವಾಸನೆ. ಠಾಣೆಗೆ ಫೋನ್ ಮಾಡು. ಕೆಳಗಿನವರನ್ನು 9ರ ಮೆಟ್ಟಿಲಿಗೆ ಕಳಿಸು." ಲಾಬಿಯಲ್ಲಿ ಕೂತಿದ್ದವಳು ಠಾಣೆಗೆ ವಿಳಾಸ ಓದಿ ಹೇಳುವುದು ವಾಕಿಟಾಕಿಯಲ್ಲೇ ಕೇಳಿಸಿತು. ಆಮೇಲೆ ಹುಡುಕಿದೆ. ಎಲೆಕ್ಟ್ರಿಕಲ್ ಶಾಫ್ಟ್‌ನ ಬಾಗಿಲಿಗೆ ಕೈಯ ಹಿಂಬದಿ ಇಟ್ಟೆ. ತಣ್ಣಗಿತ್ತು. ತೆರೆದೆ. ವಾಸನೆ ಮುಖಕ್ಕೆ ಹೊಡೆಯಿತು. ಮೊದಲ ದಿನ ನೀರು ಇಳಿದುಹೋದ ದಾರಿಯಲ್ಲೇ ಕರೆಂಟ್ ಹಂಚುವ ಒಂದು ಡಿಸ್ಟ್ರಿಬ್ಯೂಷನ್ ಬಾಕ್ಸ್ ಇತ್ತು. ಅದರ ಮುಚ್ಚಳದ ಮೂಲೆ ಕಂದು ಬಣ್ಣಕ್ಕೆ ತಿರುಗಿತ್ತು. ಒಳಗಿನಿಂದ ಸಣ್ಣಗೆ ಚಿಟಚಿಟ ಸದ್ದು. ಜ್ವಾಲೆ ಇರಲಿಲ್ಲ. ಆ ಮಹಡಿಯ ಕರೆಂಟನ್ನು ಕೆಳಗಿನ ಮುಖ್ಯ ಪ್ಯಾನೆಲ್‌ನಿಂದ ತೆಗೆಯಲು ಹೇಳಿದೆ. ಕೈಯಲ್ಲಿ ಬೆಂಕಿ ಆರಿಸುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಹಿಡಿದು ಬಾಗಿಲ ಬಳಿ, ಮೆಟ್ಟಿಲಿಗೆ ಬೆನ್ನು ಮಾಡಿ ನಿಂತೆ. ಓಡುವ ದಾರಿ ಹಿಂದೆಯೇ ಇರಬೇಕು. ಅದನ್ನೂ ಅಧಿಕಾರಿಯೇ ಹೇಳಿಕೊಟ್ಟಿದ್ದರು. ಸಿಲಿಂಡರ್ ಹೊಡೆಯುವ ಅಗತ್ಯ ಬರಲಿಲ್ಲ.

9ರ ನಾಲ್ಕೂ ಮನೆಗಳವರನ್ನು, ಅದರ ಮೇಲಿನ ಕೆಳಗಿನ ಮಹಡಿಯವರನ್ನು ಎಬ್ಬಿಸಿ ಕೆಳಗೆ ಕಳಿಸಿದೆವು. ಒಂದು ಪುಟ್ಟ ಮಗು ಅಪ್ಪನ ಹೆಗಲ ಮೇಲೆ ನಿದ್ದೆಯಲ್ಲೇ ಇಳಿದುಹೋಯಿತು. 10ನೆಯ ಮಹಡಿಯ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹಿಡಿದು ಇಳಿಸಿದರು. ಅಗ್ನಿಶಾಮಕರು ಬಂದು ಥರ್ಮಲ್ ಕ್ಯಾಮೆರಾ ಹಿಡಿದು ಶಾಫ್ಟ್‌ನ ಗೋಡೆಯನ್ನೆಲ್ಲ ನೋಡಿದರು. ಬಾಕ್ಸ್‌ನ ಹಿಂದಿನ ಹಲಗೆ ಒಳಗೊಳಗೇ ಕಾದು ಕಪ್ಪಾಗಿತ್ತು. ಅದನ್ನು ಕಿತ್ತು ಹೊರಗೆ ಒಯ್ದು ನೀರು ಹಾಕಿದರು. ಸ್ಪ್ರಿಂಕ್ಲರ್‌ನ ಬಾಯಿ ಮುಚ್ಚಿ ಹಿಡಿದಿರುವ ಕೆಂಪು ಗಾಜಿನ ಗುಳಿಗೆ ಒಡೆದು ನೀರು ಬರಲು 68 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟು ಬಿಸಿ ಆಗಿದ್ದರೂ ಅವತ್ತು ಅದರಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ. ನಾನು ಅವರ ಬಳಿ ಹೋಗಿ, ಸಣ್ಣದಕ್ಕೆ ಕರೆಸಿದೆವು ಎಂದು ಹೇಳಲು ಬಾಯಿ ತೆರೆದೆ. ಅವರಲ್ಲೊಬ್ಬರು ಆ ಹಲಗೆ ಎತ್ತಿ ತೋರಿಸಿ, ಸಣ್ಣದಿದ್ದಾಗಲೇ ಕರೆಯಬೇಕು ಎಂದರು. ಮುಂದಿನ ಸುತ್ತು 4 ಗಂಟೆ 5 ನಿಮಿಷಕ್ಕೆ ಶುರುವಾಯಿತು.

ಮರುದಿನ ಬೆಳಿಗ್ಗೆ ನೀರು ಇಳಿದ ದಾರಿಯ ಪ್ರತಿ ಬಾಕ್ಸ್ ಬಿಚ್ಚಿಸಿ ನೋಡಿಸಿದೆವು. ಮೊದಲ ದಿನವೇ ಮಾಡಬೇಕಿತ್ತು. ಪ್ಯಾನೆಲ್ ಒಂದನ್ನೇ ನೋಡುತ್ತ ಇದನ್ನು ಬಿಟ್ಟಿದ್ದೆವು.

ಮೂರನೇ ರಾತ್ರಿ ಏನೂ ಆಗಲಿಲ್ಲ. ಏನೂ ಆಗದ ರಾತ್ರಿಯೇ ಕಷ್ಟ. ಕಾಲು ನಡೆಯುತ್ತದೆ, ಕಣ್ಣು ನೋಡುವುದಿಲ್ಲ. ಸುತ್ತಿನ ದಿಕ್ಕು ಬದಲಿಸಿದೆವು, ಮೇಲಿನವರೂ ಕೆಳಗಿನವರೂ ಜಾಗ ಅದಲುಬದಲು ಮಾಡಿಕೊಂಡರು. ಅಷ್ಟರಿಂದಲೇ ಕಣ್ಣು ಮತ್ತೆ ಎಚ್ಚರವಾಯಿತು.

ನಾಲ್ಕನೇ ದಿನ ಬೆಳಿಗ್ಗೆ ಪೈಪಿನ ತುಂಡೂ ಬಂತು, ಕಾರ್ಡ್ ಕೂಡ ಬಂತು. ಮಧ್ಯಾಹ್ನಕ್ಕೆ ವಾಲ್ವ್ ಕೂತಿತು. ನೀರನ್ನು ನಿಧಾನವಾಗಿ ತುಂಬಿಸಿದರು, ತುದಿಯಿಂದ ಗಾಳಿ ಬಿಟ್ಟರು. ದೊಡ್ಡ ಪೈಪಿನ ನೀರನ್ನು ಹೊರಗೆ ಬಿಡುವ ಮುಖ್ಯ ಡ್ರೈನ್ ಪೂರ್ತಿ ತೆರೆದು ಒತ್ತಡ ಎಷ್ಟಕ್ಕೆ ಇಳಿಯುತ್ತದೆ, ಮುಚ್ಚಿದಾಗ ಎಷ್ಟಕ್ಕೆ ಏರುತ್ತದೆ ಎಂದು ನೋಡಿ ಹಳೆಯ ದಾಖಲೆಯ ಜೊತೆ ಹೋಲಿಸಿದರು. ಸರಿಯಿತ್ತು. ಹೊಸ ಕಾರ್ಡ್ ಹಾಕಿದ ಮೇಲೆ ಪ್ರತಿ ಮಹಡಿಯ ಡಿಟೆಕ್ಟರ್‌ಗೆ ಪರೀಕ್ಷೆಯ ಹೊಗೆ ಹಾಕಿದರು. ಹೂಟರ್ ಕೂಗಿತು, ಲಿಫ್ಟ್ ತಾನೇ ನೆಲಮಹಡಿಗೆ ಬಂದು ಬಾಗಿಲು ತೆರೆದು ನಿಂತಿತು. ಪ್ಯಾನೆಲ್‌ನಲ್ಲಿ ಹಸಿರು ದೀಪ. ಎಲ್ಲರ ಮುಖವೂ ಅರಳಿತ್ತು. ಕಾವಲು ನಿಲ್ಲಿಸೋಣವಾ ಎಂದು ಹುಡುಗರು ಕೇಳಿದರು.

ನಾನು ಟ್ಯಾಗ್ ಪುಸ್ತಕ ತೆಗೆದೆ. ವಾಲ್ವ್ ಮುಚ್ಚಿದಾಗಲೆಲ್ಲ ಅದಕ್ಕೊಂದು ಕೆಂಪು ಚೀಟಿ ಕಟ್ಟಿ, ಅದರ ಅರ್ಧವನ್ನು ಪುಸ್ತಕದಲ್ಲಿ ಉಳಿಸಿಕೊಳ್ಳುವುದು ಕ್ರಮ. ತೆರೆದ ಮೇಲೆ ಚೀಟಿ ಬಿಚ್ಚಿ ತಂದು ಕೊಡಬೇಕು. ದೊಡ್ಡ ವಾಲ್ವ್ 1, ಆರು ಮಹಡಿಗಳ ವಾಲ್ವ್ 6, ಒಟ್ಟು 7 ಚೀಟಿ ಕಟ್ಟಿದ್ದೆವು. ನನ್ನ ಕೈಗೆ ಬಂದದ್ದು 6.

ಕೆಲಸದವರು ಎಲ್ಲೋ ಬಿದ್ದಿರಬೇಕು ಎಂದರು. ಪ್ಯಾನೆಲ್ ಸರಿ ತೋರಿಸುತ್ತಿದೆಯಲ್ಲ, ಡ್ರೈನ್ ಪರೀಕ್ಷೆಯೂ ಸರಿ ಬಂತಲ್ಲ ಎಂದರು. ಎರಡೂ ನಿಜ. ಆದರೆ ಮುಖ್ಯ ಡ್ರೈನ್ ಪರೀಕ್ಷೆ ಹೇಳುವುದು ದೊಡ್ಡ ಪೈಪಿನ ಕಥೆ ಮಾತ್ರ, ಅದರಿಂದ ಒಡೆದು ಹೋಗುವ ಒಂದೊಂದು ಮಹಡಿಯ ಕಥೆ ಅದಕ್ಕೆ ಗೊತ್ತಿಲ್ಲ. 2007ರ ಆಗಸ್ಟ್ 18ರಂದು ನ್ಯೂಯಾರ್ಕ್‌ನ ಡಾಯ್ಚ ಬ್ಯಾಂಕ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಅಗ್ನಿಶಾಮಕರು ಮೇಲಕ್ಕೆ ಹತ್ತಿ ನೀರಿಗಾಗಿ ಕಾದರು. ನೀರು ಬರಲಿಲ್ಲ. ಕಟ್ಟಡ ಕೆಡವುತ್ತಿದ್ದ ಸಮಯ ಅದು, ನೀರಿನ ಪೈಪಿನ ಒಂದು ತುಂಡನ್ನು ಬೇಸ್‌ಮೆಂಟ್‌ನಲ್ಲಿ ಮೊದಲೇ ತೆಗೆದುಬಿಟ್ಟಿದ್ದರು. ಇಬ್ಬರು ತೀರಿಕೊಂಡರು. ಬಾರದ ಒಂದು ಚೀಟಿಯನ್ನು ಎಲ್ಲೋ ಬಿದ್ದಿರಬೇಕು ಎಂದು ಬಿಡಲು ನನ್ನಿಂದ ಆಗಲಿಲ್ಲ.

12ರಿಂದ ಇಳಿಯುತ್ತ ಬಂದೆವು. 11ನೇ ಮಹಡಿಯ ಫಾಲ್ಸ್ ಸೀಲಿಂಗ್ ಹಲಗೆ ಸರಿಸಿ ಟಾರ್ಚ್ ಬಿಟ್ಟಾಗ ಕೆಂಪು ಚೀಟಿ ಅಲ್ಲೇ ನೇತಾಡುತ್ತಿತ್ತು. ವಾಲ್ವ್ ಪೂರ್ತಿ ಮುಚ್ಚಿತ್ತು. ತೆರೆಯುವವರು 12ರಿಂದ ನೇರ 10ಕ್ಕೆ ಹೋಗಿದ್ದರು. ವಾಲ್ವ್ ಮುಚ್ಚಿದ್ದರೆ ಪ್ಯಾನೆಲ್‌ಗೆ ತಿಳಿಸುವ ಸ್ವಿಚ್ ಅದಕ್ಕಿತ್ತು. ಆದರೆ ಪ್ಯಾನೆಲ್ ಗಮನಿಸಬೇಕಾದ ಸಾಧನಗಳ ಪಟ್ಟಿಯನ್ನು ಹೊಸ ಕಾರ್ಡ್‌ಗೆ ತುಂಬಿಸುವಾಗ ಆ ಸ್ವಿಚ್ಚೇ ಬಿಟ್ಟುಹೋಗಿತ್ತು. ಪ್ಯಾನೆಲ್‌ಗೆ ಆ ವಾಲ್ವ್ ಇದೆ ಎಂದೇ ಗೊತ್ತಿರಲಿಲ್ಲ. 11ರ ಮನೆಗಳಲ್ಲಿ ಏಳು ಮಕ್ಕಳಿದ್ದಾರೆ.

ವಾಲ್ವ್ ತೆರೆದು, ಆ ಮಹಡಿಯ ಪರೀಕ್ಷಾ ನಳ ಬಿಟ್ಟು ನೀರು ಬರುವುದನ್ನು ಕಣ್ಣಾರೆ ನೋಡಿದೆವು. ಪಟ್ಟಿಗೆ ಸ್ವಿಚ್ ಸೇರಿಸಿದರು. ಆಮೇಲೆ ನಾನು ಏಳೂ ವಾಲ್ವ್‌ಗಳನ್ನು ಒಂದೊಂದಾಗಿ ಸ್ವಲ್ಪ ಮುಚ್ಚಿಸಿ, ಪ್ಯಾನೆಲ್ ಕೂಗುತ್ತದಾ ಎಂದು ನೋಡಿ, ಮತ್ತೆ ಪೂರ್ತಿ ತೆರೆಸಿದೆ. ಅದಕ್ಕೆ ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆಯೂ ಕಾವಲಿನವರು ಸುತ್ತುತ್ತಲೇ ಇದ್ದರು. ಠಾಣೆಗೆ, ವಿಮೆಯವರಿಗೆ ಫೋನ್ ಮಾಡಿ ವ್ಯವಸ್ಥೆ ಮರಳಿ ಬಂದಿದೆ ಎಂದು ಹೇಳಿದೆ. ಅಧಿಕಾರಿ ಸ್ವತಃ ಬಂದು ಮೊದಲು ಟ್ಯಾಗ್ ಪುಸ್ತಕ ಕೇಳಿದರು, ಆಮೇಲೆ ಪ್ಯಾನೆಲ್ ನೋಡಿದರು.

ಲಾಗ್ ಬುಕ್‌ನ ಕೊನೆಯ ಸಾಲು ಮೊದಲ ರಾತ್ರಿ ತಲೆ ತಗ್ಗಿಸಿ ನಿಂತಿದ್ದ ಆ ಹುಡುಗನೇ ಬರೆದ. ಗಡಿಯಾರ ನೋಡಿ ಬರೆದ. "ಸಂಜೆ 6:43. ಚೀಟಿ 7ಕ್ಕೆ 7. ಕಾವಲು ಮುಗಿಯಿತು." ನಾನು ಕೆಳಗೆ ಸಹಿ ಹಾಕಿದೆ.